ಹನ್ನೆರಡನೇ ಬೋಲ್ಟು

೫ ಸೆಪ್ಟೆಂಬರ್ ೨೦೦೬, ಮಂಗಳವಾರ

ಕ್ರೇನು ಬಣ್ಣ ಬಳಿಸಿಕೊಂಡು ಯಾರ್ಡಿಗೆ ಬಂತು. ನೋಡಿ ನನಗೆ ಅಳು ಬರೋದೊಂದು ಬಾಕಿ.

ಹಳದಿ ಅಂದರೆ ಹಳದಿ. ಮೈಮೇಲೆ ಬೆರಳು ಇಡೋವಷ್ಟು ಜಾಗ ಬಿಟ್ಟಿಲ್ಲ. ಗ್ರೀಸ್ ಹೊಡೆಯೋ ನಿಪ್ಪಲ್ಲುಗಳ ಮೇಲೂ ಆ ಪೇಂಟರ್ ಬಳಿದುಬಿಟ್ಟಿದ್ದಾನೆ. ಈ ಕ್ರೇನಿಗೆ ನಲವತ್ತಮೂರು ನಿಪ್ಪಲ್ಲು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡವು. ಅದರ ಬಾಯಲ್ಲಿರೋ ಸಣ್ಣ ಗುಂಡು ಒಳಗೆ ಒತ್ತಿದರೇನೇ ಗ್ರೀಸು ಹೋಗೋದು. ಈಗ ನಲವತ್ತಮೂರಕ್ಕೂ ಬಾಯಿ ಕಟ್ಟಿದೆ.

ಸಾವ್ಕಾರ್ ಅಂದಾನಪ್ಪನವರು ಸುತ್ತ ಒಂದು ಸುತ್ತು ಹೊಡೆದು "ಮದಿಮಗಳಾಗ್ಯಾಳ ನೋಡಲೇ ಮೌನೇಶಾ" ಅಂದರು. ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. ಅದಿರಿಗೆ ರೇಟು ಬಂದಮೇಲೆ ಹೊಸಪೇಟೆಯಲ್ಲಿ ಯಾರ್ಡು ಮಾಡಿ, ಯಾವುದೋ ಕಾರ್ಖಾನೆಯವರು ಬೇಡ ಅಂತ ಬಿಟ್ಟ ಈ ಕ್ರೇನು ತಂದರು. ಅಕ್ಕಿ ವಿಷಯ ಅವರಿಗೆ ಹೇಳಿಕೊಡೋರಿಲ್ಲ, ಕ್ರೇನಿನ ವಿಷಯ ಹೇಳಿದರೆ ಕೇಳೋರಲ್ಲ. ನಿಪ್ಪಲ್ಲಿನ ಮಾತು ಎತ್ತಬೇಕು ಅಂತ ಬಾಯಿ ತೆಗೆದು, ಮೊಳೆ ಹುಡುಕೋಕೆ ಹೋದೆ.

ಲಾಗ್ ಬುಕ್ಕಿನಲ್ಲಿ ದಿನಕ್ಕೆ ಇಪ್ಪತ್ತೆರಡು ಚೌಕ. ಎಲ್ಲದಕ್ಕೂ ಟಿಕ್ ಇದ್ದರೇನೇ ಸೈಟಿನ ಗೇಟು ತೆಗೆಯೋದು. ಬರೆಯೋಕೆ ಜಾಗವಿಲ್ಲ. ಟೈರ್ ಅಂಗಡಿಯವರು ಕೊಟ್ಟ ಈ ಡೈರಿ ಖಾಲಿ ಬಿದ್ದಿತ್ತು. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಅಕ್ಷರ ಯಾರು ನೋಡ್ತಾರೆ. ತಲೆಯಲ್ಲೇ ಇಟ್ಟುಕೊಂಡರೆ ಊಟ ಸೇರಲ್ಲ, ಅದಕ್ಕೆ ಇಲ್ಲಿ ಇಳಿಸ್ತೀನಿ.

೬ ಸೆಪ್ಟೆಂಬರ್, ಬುಧವಾರ

ಬೆಳಿಗ್ಗೆಯಿಂದ ಮೊಳೆ ಹಿಡಿದು ಒಂದೊಂದೇ ನಿಪ್ಪಲ್ಲು ಕೆರೆದೆ. ಹತ್ತೊಂಬತ್ತು ಆಯಿತು. ಉಗುರಿನ ಸಂದಿಯೆಲ್ಲ ಹಳದಿ. ಅರಿಶಿನ ಹಚ್ಚಿಸಿಕೊಂಡವನ ಹಾಗೆ ಕಾಣ್ತೀನಿ.

ಗುಡ್ಡಪ್ಪ ಕ್ಯಾಬಿನ್ನಿನಿಂದ ಕಾಲು ಇಳಿಬಿಟ್ಟುಕೊಂಡು ನೋಡ್ತಿದ್ದ. "ಏನ್ ಮಾವಾ, ಕೂಸಿಗೆ ಕಿವಿ ಚುಚ್ಚಾಕತ್ತೀಯೇನು?"

ಇವನು ನನ್ನ ಹೆಂಡತಿ ಸುಕನ್ಯಾಳ ತಮ್ಮ. ಕ್ರೇನು ನಡೆಸೋನು ಇವನು, ಗ್ರೀಸು ಹೊಡೆಯೋನು ನಾನು. ನಾನೇ ಸಾವ್ಕಾರ್ರಿಗೆ ಹೇಳಿ ಸೇರಿಸಿದ್ದು. ಅವತ್ತು ಅತ್ತೆ ಹೊನ್ನೂರಮ್ಮ ನನ್ನ ಕೈ ಹಿಡಿದು "ಅಷ್ಟೆತ್ತರ ಕುಂದ್ರಸ್ತೀಯಪ್ಪ, ನಿನ್ನ ಮಡಿಲಿಗೆ ಹಾಕೀನಿ" ಅಂದಿದ್ದಳು. ಅವಳು ಮರೆತಿರಬಹುದು. ನಾನು ಮರೆಯೋನಲ್ಲ, ಅದೇ ನನ್ನ ಕರ್ಮ.

೮ ಸೆಪ್ಟೆಂಬರ್, ಶುಕ್ರವಾರ

ಸಂಡೂರು ದಾಟಿ ದೋಣಿಮಲೈ ಕಡೆ ಒಂದು ಹೊಸ ಪ್ಲಾಂಟು ಕಟ್ಟುತ್ತಿದ್ದಾರೆ, ಅದಿರು ಜರಡಿ ಹಿಡಿಯೋದು. ಅಲ್ಲಿ ನಮ್ಮ ಕೆಲಸ. ದಾರಿ ತುಂಬ ಅದಿರು ಲಾರಿ. ಕೂತು ಕೂತು ಸೊಂಟ ಹೋಯಿತು.

ಹೊಸ ಹಳದಿ ಮಧ್ಯಾಹ್ನಕ್ಕೇ ಇಟ್ಟಂಗಿ ಬಣ್ಣ. ಈ ಕೆಂಪು ಧೂಳು ಗ್ರೀಸಿನ ಜೊತೆ ಕಲೆತರೆ ಗ್ರೀಸಲ್ಲ ಅದು, ಉಪ್ಪುಕಾಗದ. ಒರೆಸಿ ಹೊಡೆ, ಒರೆಸಿ ಹೊಡೆ ಅಂತ ನಾನು ಬಡಕೊಳ್ಳೋದು ಅದಕ್ಕೇ.

ಇವತ್ತು ರಿಂಗಿಗೆ ಗ್ರೀಸು. ಕ್ರೇನಿನ ಮೇಲ್ಭಾಗ ಪೂರಾ ಒಂದು ದೊಡ್ಡ ಉಕ್ಕಿನ ಬಳೆಯ ಮೇಲೆ ತಿರುಗುತ್ತೆ, ಅದೇ ರಿಂಗು. ಅದನ್ನ ಮೂವತ್ತಾರು ಬೋಲ್ಟು ಹಿಡಿದಿವೆ, ಒಂದೊಂದೂ ನನ್ನ ಹೆಬ್ಬೆರಳಿಗಿಂತ ದಪ್ಪ. ಅವು ಬಿಟ್ಟರೆ ಭಾರ ಎತ್ತೋ ಉದ್ದ ತೋಳು ಬೂಮು, ಕ್ಯಾಬಿನ್ನು, ಎತ್ತಿದ ಭಾರ, ಒಳಗೆ ಕೂತವನು, ಎಲ್ಲ ಒಟ್ಟಿಗೇ ಮಗುಚಿ ಬೀಳೋದು. ಗ್ರೀಸು ಹೊಡೆಯುವಾಗ ಮೇಲಿನವನು ಸ್ವಲ್ಪ ತಿರುಗಿಸಿ ನಿಲ್ಲಿಸಬೇಕು, ನಾನು ಹೊಡೆಯಬೇಕು, ಮತ್ತೆ ಸ್ವಲ್ಪ ತಿರುಗಿಸಬೇಕು. ಗುಡ್ಡಪ್ಪ ಮೊಬೈಲಿನಲ್ಲಿ ನಗ್ತಾ ಒಂದು ಪೂರಾ ಸುತ್ತು ಹೊಡೆಸಿದ. ನನ್ನ ಟೋಪಿ ಹೋಯಿತು. ತಲೆ ಉಳಿಯಿತು.

"ಸಾರಿ ಮಾವಾ, ಫೋನ್ ಬಂದಿತ್ತು."

"ನನಗ ಯಮನ ಫೋನ್ ಬಂದಿತ್ತಲೇ" ಅಂದೆ. ಅದಕ್ಕೂ ನಕ್ಕ.

೧೨ ಸೆಪ್ಟೆಂಬರ್, ಮಂಗಳವಾರ

ರಿಂಗಿನ ಕೆಳಗೆ ಅಂಗಾತ ಮಲಗಿ ಒರೆಸುವಾಗ ಕಂಡಿತು. ಮೂರು ಬೋಲ್ಟಿನ ತಲೆ ಸುತ್ತ ಹೊಸ ಬಣ್ಣ ಕೂದಲೆಳೆಯಷ್ಟು ಬಿರಿದಿದೆ. ಕ್ಯಾಬಿನ್ನಿನ ಬಾಗಿಲ ಕಡೆಯಿಂದ ಎಣಿಸಿದರೆ ಹನ್ನೊಂದು, ಹನ್ನೆರಡು, ಹದಿಮೂರು. ಉಳಿದ ಯಾವುದರಲ್ಲೂ ಇಲ್ಲ. ಎರಡು ಸಲ ಎಣಿಸಿದೆ. ಆಮೇಲೆ ಇನ್ನೊಂದು ಸಲ.

ಗುಡ್ಡಪ್ಪ: "ಬಿಸಲಿಗೆ ಬಿರಿದಿರತೈತಿ ಬಿಡು."

ಕೆಳಗೆ ಯಾವ ಬಿಸಿಲು. ನಾಯಿ ಮಲಗೋ ಜಾಗ ಅದು.

ಸಾವ್ಕಾರ್ರಿಗೆ ಫೋನಿನಲ್ಲಿ ಹೇಳಿದೆ. "ಬಣ್ಣ ಒಣಗಿದ್ರ ಬಿರೀತಾವಲೇ. ಆ ಪೇಂಟರ್‌ನ ಕೇಳು" ಅಂದರು.

ಮನೆಯಲ್ಲಿ ಊಟಕ್ಕೆ ಕೂತು ಎರಡು ಸಲ ಎದ್ದು ಗ್ಯಾಸ್ ಸಿಲಿಂಡರ್ ನೋಡಿ ಬಂದೆ. ಸುಕನ್ಯಾ "ಅದರ ತಿರುವು ನಿಮ್ಮ ಕೈಯಿಂದಾನ ಸವೆದು ಹೋಗತೈತಿ ನೋಡ್ರಿ ಒಂದಿನ" ಅಂದಳು.

೧೪ ಸೆಪ್ಟೆಂಬರ್, ಗುರುವಾರ

ಪೇಂಟರ್‌ನ ಕೇಳು ಅಂದರಲ್ಲ, ಕೇಳಿ ಬಂದೆ. ಅವನ ಹೆಸರು ತಿಪ್ಪೇಶ್, ಮರಿಯಮ್ಮನಹಳ್ಳಿಯವನು. ಲಾರಿಗೆ ಹೆಸರು ಬರೀತಾನೆ, ಹಂಪಿಯಲ್ಲಿ ಹೋಟೆಲ್ ಬೋರ್ಡು ಬರೀತಾನೆ. ರಜಾ ಹಾಕಿ ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಒಂದು ಲಾರಿಯ ಹಿಂದೆ ನವಿಲು ಬರೀತಾ ಕೂತಿದ್ದ. ನಿಪ್ಪಲ್ಲಿನ ಸಿಟ್ಟೆಲ್ಲ ಅವನ ಮೇಲೆ ತೀರಿಸಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಣ್ಣ ಬಿರಿದಿದೆ ಅಂದದ್ದೇ ತಡ, ಅವನೇ ನನ್ನ ಮೇಲೆ ಬಂದ.

"ಕೆಳಗ ಪ್ರೈಮರ್, ಮ್ಯಾಲ ಎರಡು ಕೋಟು ಎನಾಮಲ್. ಲಾರಿ ಗುಂಡ್ಯಾಗ ಬಿದ್ದು ಎದ್ದು ಬಂದ್ರೂ ನನ್ನ ಬಣ್ಣ ಬಿರಿಯಂಗಿಲ್ಲ. ಬಿರಿದೈತಿ ಅಂದ್ರ ಕೆಳಗಿನ ಕಬ್ಬಣ ಜಾಗ ಬಿಟ್ಟೈತಿ. ಸುಮ್ನ ನನ್ನ ಹೆಸರು ಕೆಡಸಬ್ಯಾಡ್ರಿ."

"ಅಲ್ಲಪ್ಪ, ನಿಪ್ಪಲ್ಲಿಗೆ ಯಾಕ ಬಳದಿ?"

"ಪೂರಾ ಬಳಿ ಅಂದ್ರು, ಬಳದೆ" ಅಂತ ನವಿಲಿನ ಕಣ್ಣಿಗೆ ಹೋದ.

ಕಬ್ಬಿಣ ಜಾಗ ಬಿಟ್ಟಿದೆ. ವಾಪಸ್ಸು ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರೋಕಾಗಲಿಲ್ಲ.

೧೫ ಸೆಪ್ಟೆಂಬರ್, ಶುಕ್ರವಾರ

ಮೊಳೆಯಲ್ಲಿ ಮೂವತ್ತಾರು ಬೋಲ್ಟಿಗೂ ಗೀರು ಎಳೆದೆ. ಬೋಲ್ಟಿನ ತಲೆಯಿಂದ ರಿಂಗಿನ ಮೇಲೆ ನೇರ ಬರೋ ಹಾಗೆ ಒಂದು ಗೀರು. ತಲೆ ತಿರುಗಿದರೆ ಗೀರು ಎರಡಾಗುತ್ತೆ. ಇದನ್ನ ಯಾರೂ ಹೇಳಿಕೊಟ್ಟಿಲ್ಲ, ತಲೆ ಕೆಟ್ಟಾಗ ಹೊಳೆದದ್ದು.

ಸಾವ್ಕಾರ್ರು ಇವತ್ತೇ ಸೈಟಿಗೆ ಬರಬೇಕೇ. ಟಾರ್ಚು ಹಿಡಿದು ಬಗ್ಗಿ ನೋಡಿ "ಹೊಸ ಬಣ್ಣದ ಮ್ಯಾಲ ಕೆರೀತಾರೇನಲೇ, ಹುಚ್ಚ ಖೋಡಿ" ಅಂದರು.

೧೮ ಸೆಪ್ಟೆಂಬರ್, ಸೋಮವಾರ

ಮೂರರದೂ ಗೀರು ಸರಿದಿದೆ. ಹನ್ನೆರಡನೇದು ಅರ್ಧ ಬೆರಳು.

೨೦ ಸೆಪ್ಟೆಂಬರ್, ಬುಧವಾರ

ಸಾವ್ಕಾರ್ರು ಬಿಗಿ ಮಾಡು ಅಂದರು. ಅವರು ಹೇಳೋದು ಸುಲಭ. ದೊಡ್ಡ ಪಾನಾಕ್ಕೆ ಆರಡಿ ಪೈಪು ತೊಡಿಸಿ ನಾನು, ಗುಡ್ಡಪ್ಪ ಇಬ್ಬರೂ ಜೋತುಬಿದ್ದೆವು. ಹನ್ನೊಂದು ಬಿಗಿಯಾಯಿತು, ಹದಿಮೂರು ಬಿಗಿಯಾಯಿತು. ಹನ್ನೆರಡು ರಬ್ಬರಿನ ಹಾಗೆ ಇಷ್ಟಿಷ್ಟೇ ತಿರುಗುತ್ತಲೇ ಇದೆ. ಎಷ್ಟು ತಿರುಗಿಸಿದರೂ ಬಿಗಿಯೇ ಹತ್ತಲ್ಲ.

"ಒಳಗ ಏನೋ ಆಗೈತ್ರಿ, ಕ್ರೇನು ನಿಲ್ಲಿಸಿ ಬಿಚ್ಚಿ ನೋಡಬೇಕ್ರಿ" ಅಂದೆ ಫೋನಿನಲ್ಲಿ.

"ಒಂದಿನ ನಿಂತ್ರ ಬ್ಯಾರೆ ಕ್ರೇನು ಬಂದು ನಿಂದ್ರತೈತಿ ಅಲ್ಲಿ. ದಸರಾ ಆಗ್ಲಿ, ನೋಡೂಣು."

ಚೌಕ ಹದಿನಾಲ್ಕು: ರಿಂಗಿನ ಬೋಲ್ಟುಗಳು ಬಿಗಿ ಇವೆಯೇ? ಟಿಕ್ ಹಾಕಿದೆ. ಪೆನ್ನು ಸರಿಯಾಗಿ ಬರೀತಿರಲಿಲ್ಲ, ಎರಡು ಸಲ ತಿದ್ದಬೇಕಾಯಿತು.

೨೩ ಸೆಪ್ಟೆಂಬರ್, ಶನಿವಾರ

ಇವತ್ತು ಆರು ಟನ್ನಿನ ತೊಲೆ ಎತ್ತಿದರು. ತಿರುಗಿಸುವಾಗ ಕೆಳಗೆ "ಕಟಕ್" ಅಂತು. ಒಂದೇ ಸಲ. ನಾನು ಅಲ್ಲೇ ನಿಂತಿದ್ದೆ. ಭಾರದ ಕೆಳಗೆ ಹಗ್ಗ ಹಿಡಿದು ಮೂರು ಜನ ನಿಂತಿದ್ದರು. ಮೇಲೆ ಗುಡ್ಡಪ್ಪ.

ಇಳಿದಮೇಲೆ ಕೇಳಿದೆ. "ಕೇಳಿಸ್ತೇನಲೇ?"

"ಜಾಕಿ ಕೆಳಗಿನ ಕಲ್ಲು ಮಾವಾ." ಕ್ರೇನು ವಾಲದ ಹಾಗೆ ಊರೋ ಕಾಲಿನ ಕೆಳಗಿನ ಕಲ್ಲು ಸರಿದದ್ದಂತೆ. ಆದರೆ ನನ್ನ ಮುಖ ನೋಡದೆ ಹೇಳಿದ. ಸುಳ್ಳು ಹೇಳುವಾಗ ಸುಕನ್ಯಾಳೂ ಹೀಗೇ, ಬೇರೆ ಕಡೆ ನೋಡ್ತಾಳೆ. ಆ ಮನೆಯವರ ಪದ್ಧತಿ ಅದು.

ಊಟಕ್ಕೆ ರೊಟ್ಟಿ ಮುಂದೆ ಇಟ್ಟರೂ ಇಳಿಯಲಿಲ್ಲ. ಸುಕನ್ಯಾ ಏನಾಯಿತು ಅಂದಳು. ಹೊಟ್ಟೆ ಅಂದೆ. ತಮ್ಮನ ವಿಷಯ ಅಕ್ಕನಿಗೆ ಏನಂತ ಹೇಳಲಿ. ಓಮಿನ ಕಷಾಯ ಮಾಡಿ ಕುಡಿಸಿದಳು. ಅದೊಂದು ಸಂಕಟ ಬೇರೆ.

೨೫ ಸೆಪ್ಟೆಂಬರ್, ಸೋಮವಾರ

ಹದಿನಾಲ್ಕನೇ ಚೌಕ ಖಾಲಿ ಬಿಟ್ಟೆ. ಗೇಟಿನಲ್ಲಿ ತಡೀಲಿ, ಯಾಕೆ ಅಂತ ಕೇಳಲಿ, ಕೇಳಿದರೆ ಹೇಳಿಬಿಡೋಣ ಅಂತ. ಹೇಳೋ ಮಾತನ್ನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಗೇಟಿನ ಮಾರೆಪ್ಪ ಬುಕ್ಕು ನೋಡಿದ. "ಏ ಮೌನೇಶಣ್ಣ, ಒಂದು ಮರ್ತೀಯಲ್ಲೋ" ಅಂತ ತಾನೇ ಜೇಬಿನಿಂದ ಪೆನ್ನು ತೆಗೆದು ಟಿಕ್ ಹಾಕಿ ಕೊಟ್ಟ. ಉಪಕಾರ ಮಾಡಿದವನ ಹಾಗೆ ನಕ್ಕ ಬೇರೆ.

ಇಂಥವರ ಮಧ್ಯೆ ಮನುಷ್ಯ ಹೇಗೆ ಬದುಕೋದು.

೩೦ ಸೆಪ್ಟೆಂಬರ್, ಶನಿವಾರ

ನಾಳೆ ಆಯುಧ ಪೂಜೆ. ಕ್ರೇನು ಯಾರ್ಡಿನಲ್ಲಿದೆ. ಪೂಜೆ ಮುಗಿದ ಮೇಲೆ ಮೂರು ಗಂಟೆಗೆ ಪ್ಲಾಂಟಿಗೆ ಹೋಗಿ ಜರಡಿ ಯಂತ್ರ ಎತ್ತಬೇಕಂತೆ. ಹನ್ನೊಂದು ಟನ್ನು. ಆರು ಟನ್ನಿಗೇ ಕಟಕ್ ಅಂದದ್ದು.

ಇವತ್ತು ತೊಳೆಯೋ ದಿನ. ಬೂಮು ಇಳಿಸಿ ಅದರ ಸ್ಟ್ಯಾಂಡಿನ ಮೇಲೆ ಮಲಗಿಸಿದೆವು. ಗಾಲಿ ತೊಳೆದೆ, ಹುಕ್ಕು ತೊಳೆದೆ, ಆ ಮೂರು ಬೋಲ್ಟನ್ನೂ ಡೀಸಲ್ಲಿನಲ್ಲಿ ತೊಳೆಯೋಣ ಅಂತ ಬಿಚ್ಚಿದೆ. ಹನ್ನೊಂದು ಬಂತು, ಹದಿಮೂರು ಬಂತು. ಹನ್ನೆರಡು ಕೈಯಲ್ಲೇ ತಿರುಗಿ ಬಂತು, ಅರ್ಧ. ಉಳಿದರ್ಧ ಒಳಗೇ ಇದೆ.

ಸಾವ್ಕಾರ್ರಿಗೆ ಫೋನು ಮಾಡಿದೆ. ಕಂಪ್ಲಿಯಲ್ಲಿ ಗಿರಣಿಗೆ ಬಾಳೆಕಂಬ ಕಟ್ಟಿಸ್ತಿದ್ದರು. "ಸಾವ್ಕಾರ್ರ, ಬೋಲ್ಟು ಮುರಿದೈತ್ರಿ" ಅಂದೆ.

"ನಾಳೆ ಹಬ್ಬ ಇಟ್ಕಂಡು ಮುರಿದೈತಿ ಗಿರಿದೈತಿ ಅಂತ ಅಪಶಕುನ ನುಡೀಬ್ಯಾಡಲೇ" ಅಂತ ಕಟ್ ಮಾಡಿದರು.

ಇನ್ನು ಹೇಗೆ ನುಡೀಬೇಕು. ಹಾಡಲೇನು?

೧ ಅಕ್ಟೋಬರ್, ಭಾನುವಾರ

ಕಾಲಿನ ಹಿಮ್ಮಡಿ ಉರೀತಿದೆ, ಆದರೂ ಇವತ್ತಿನದು ಬರೆದೇ ಮಲಗಬೇಕು.

ಒಂಬತ್ತಕ್ಕೆ ಸಾವ್ಕಾರ್ರು ಅವರ ತಾಯಿ ಮುದುಕಮ್ಮನವರನ್ನ ಕಾರಿನಲ್ಲಿ ಕರಕೊಂಡು ಬಂದರು. ಎಂಬತ್ತು ದಾಟಿದೆ, ಕಣ್ಣು ಮಂಜು, ಮಾತು ಮಾತ್ರ ಹರಿತ. ಕ್ರೇನಿನ ಮುಂದೆ ಹಲಗೆ ಹಾಕಿ ಕೆಂಪು ಬಟ್ಟೆ ಹಾಸಿ ಪಾನಾ, ಸುತ್ತಿಗೆ, ಗ್ರೀಸ್ ಗನ್ನು ಎಲ್ಲ ಜೋಡಿಸಿದ್ದೆ. ಆ ಮೂರು ಬೋಲ್ಟನ್ನೂ ಇಟ್ಟೆ. ತೊಳೆದಿದ್ದೆನಲ್ಲ, ಮತ್ತೆಲ್ಲಿ ಇಡೋದು. ಸಾವ್ಕಾರ್ರು ಒಂದೊಂದಕ್ಕೂ ಇಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂ ಏರಿಸಿ, ಆರತಿ ಎತ್ತಿದರು. ಕುಂಬಳಕಾಯಿ ಒಡೆಸಿದರು. ಮಂಡಕ್ಕಿ ಹಂಚಿದರು.

ಒಂದೂವರೆಗೆ ಪ್ಲಾಂಟಿನಿಂದ ಫೋನು. ಸಾವ್ಕಾರ್ರು ಕೈ ಒರೆಸಿಕೊಂಡು "ಗುಡ್ಡಪ್ಪಾ, ನಿಂಬೆಹಣ್ಣು ಹತ್ತಿಸಿ ಹಂಗಾ ನಡಿ" ಅಂದರು.

"ಮೂರು ಬೋಲ್ಟು ಪೂಜ್ಯಾಗ ಅದಾವ್ರಿ" ಅಂದೆ.

"ಯಾವ ಬೋಲ್ಟು?"

"ನೀವ ಈಗ ಇಭೂತಿ ಹಚ್ಚಿದ್ರಲ್ರಿ, ಅವ. ರಿಂಗಿನವು."

ಹಲಗೆ ನೋಡಿದರು, ನನ್ನ ನೋಡಿದರು. "ತಗಂಡು ಹಾಕಲೇ ಜಲ್ದಿ."

"ಆಗಂಗಿಲ್ರಿ."

ಬಾಯಿ ಒಣಗಿತ್ತು. ಮಂಡಕ್ಕಿ ತಿಂದು ನೀರು ಕುಡಿದಿರಲಿಲ್ಲ. ಅವರು ಇನ್ನೊಂದು ಸಲ ಹೇಳಿದರು. ನಾನೂ ಇನ್ನೊಂದು ಸಲ ಹೇಳಿದೆ.

"ನಾನ ತಗೀತೀನಿ ಬಿಡು" ಅಂತ ಅವರೇ ಬಗ್ಗಿದರು. ಆಗ ಕುರ್ಚಿಯಿಂದ ಮುದುಕಮ್ಮನವರು: "ಏನಲೇ ಅಂದಾನಿ, ಕರ್ಪೂರದ ಬಿಸಿ ಇನ್ನಾ ಆರಿಲ್ಲ, ಎತ್ತಾಕ ಹೊಂಟೀಯಾ? ನಾಳೆ ಬನ್ನಿ ಮುಡಿಯಾಮಟ ನಮ್ಮನ್ಯಾಗ ಅಕ್ಕಿ ಅಳಿಯೋ ಸೇರು ಸೈತ ಎತ್ತಂಗಿಲ್ಲ."

"ಯವ್ವಾ, ಇದು ಕ್ರೇನು."

"ಕ್ರೇನಾದ್ರ ಅದಕ್ಕೇನು ಕೋಡು ಮೂಡ್ಯಾವೇನು?"

ಸಾವ್ಕಾರ್ರು ಕೈ ಹಿಂದೆ ತಗೊಂಡರು. ಮೆಲ್ಲಗೆ "ಮೂರು ಇಲ್ದಿದ್ರ ಏನಾತು, ಮೂವತ್ಮೂರು ಅದಾವಲ್ಲ. ಹತ್ತಲೇ ಗುಡ್ಡಪ್ಪ" ಅಂದರು.

ಗುಡ್ಡಪ್ಪ ಏಣಿಗೆ ಕಾಲಿಟ್ಟ. ಇವನಿಗೆ ಯಾರು ಹತ್ತು ಅಂದರೂ ಹತ್ತೋದು ಗೊತ್ತು. ನಾನು ಅವನ ಅಂಗಿ ಹಿಡಿದು ಎಳಕೊಂಡು ಬಂದು ಹಲಗೆಯ ಮುಂದೆ ಕೂರಿಸಿದೆ. ಬೋಲ್ಟು ಮುಟ್ಟಲಿಲ್ಲ, ಬೆರಳು ಮಾಡಿ ತೋರಿಸಿದೆ. "ಹನ್ನೆರಡನೇದು ನೋಡು. ಅರ್ಧ ಐತಿ. ಮುರಿದ ಮಕ ನೋಡು. ಈ ಕಡೆ ತುಕ್ಕು, ಆ ಕಡೆ ಹೊಳಪು. ತುಕ್ಕು ಹಿಡಿದದ್ದು ಯಾವಾಗೋ ಬಿರಿದದ್ದು. ಹೊಳಿಯೋದು ಹೋದ ವಾರ ಶನಿವಾರ ಕಟಕ್ ಅಂತಲ್ಲ, ಅವತ್ತಿಂದು. ನಿನ್ನ ಜಾಕಿ ಕಲ್ಲು."

ಭಾಳ ಹೊತ್ತು ನೋಡಿದ. ಆಮೇಲೆ ಸೊಂಟದಿಂದ ಕ್ರೇನಿನ ಕೀಲಿ ಬಿಚ್ಚಿ ಬೋಲ್ಟಿನ ಪಕ್ಕ ಇಟ್ಟು, ತಾನೇ ಕುಂಕುಮ ಹಚ್ಚಿದ.

"ಅವ್ವಾರ, ಇದಕ್ಕೂ ಒಂದು ಆರತಿ ಬೆಳಗಿಬಿಡ್ರಿ."

ಮುದುಕಮ್ಮನವರು ಬೆಳಗಿದರು.

ಸಾವ್ಕಾರ್ರು ಗೇಟಿನಾಚೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಪ್ಲಾಂಟಿನವರು ಆಗಲಿ, ಬುಧವಾರ ಬನ್ನಿ ಅಂದರಂತೆ. ಹಬ್ಬ ಅಂತ ಅಲ್ಲೂ ಕೆಲಸದವರು ಯಾರೂ ಬಂದಿಲ್ಲವಂತೆ. ಇಷ್ಟಕ್ಕಾ ನಾನು ಒಂದು ವಾರ ರೊಟ್ಟಿ ಬಿಟ್ಟದ್ದು?

೨ ಅಕ್ಟೋಬರ್, ಸೋಮವಾರ

ವಿಜಯದಶಮಿ. ಸಂಜೆ ಬನ್ನಿ ಕೊಡೋಕೆ ಸಾವ್ಕಾರ್ರ ಹತ್ತಿರ ಹೋದೆ. ತಗೊಂಡರು, ಕೊಟ್ಟರು, ಮುಖ ನೋಡಲಿಲ್ಲ. "ನಾಳೆ ಹುಬ್ಬಳ್ಳಿಗೆ ಹೋಗಿ ಬೋಲ್ಟು ತಗಂಬಾ" ಅಂದರು.

"ಮೂವತ್ತಾರೂ ತರ್ತೀನ್ರಿ" ಅಂದೆ.

"ಮೂರು ಸಾಲಂಗಿಲ್ಲೇನು?"

"ಇಲ್ರಿ."

ಬಸ್ಸಿನಲ್ಲಿ ಅಷ್ಟು ಭಾರ ಹೇಗೆ ತರೋದು ಅಂತ ಈಗ ಚಿಂತೆ.

೪ ಅಕ್ಟೋಬರ್, ಬುಧವಾರ

ತೋರಣಗಲ್ಲಿನಿಂದ ಒಬ್ಬ ಫಿಟ್ಟರ್ ಬಂದ, ಬಿಗಿ ಎಷ್ಟಾಯಿತು ಅಂತ ಮುಳ್ಳು ತೋರಿಸೋ ಪಾನಾ ತಂದಿದ್ದ. ಹಳೇವು ಒಂದೊಂದೇ ತೆಗೆದು ಹೊಸವು ಹಾಕಿ, ಅವಕ್ಕೂ ಗೀರು ಎಳೆದೆವು. ತೆಗೆದವುಗಳಲ್ಲಿ ಹನ್ನೆರಡನೇದು ಬಿಟ್ಟು ಇನ್ನೂ ನಾಲ್ಕು ಕುತ್ತಿಗೆಯಲ್ಲಿ ಬಿರಿದಿದ್ದವು. ಫಿಟ್ಟರ್ ಅವನ್ನ ಸಾಲಾಗಿ ಇಟ್ಟು "ಇದರ ಮ್ಯಾಲ ಹನ್ನೊಂದು ಟನ್ ಎತ್ತಾಕ ಹೊಂಟಿದ್ರಾ?" ಅಂದ.

ಸಾವ್ಕಾರ್ರು ಕೈ ಮುಗಿದು "ದೇವಿ ಕಾಪಾಡಿದ್ಲು" ಅಂದು ಐದು ತೆಂಗಿನಕಾಯಿ ತರಿಸಿದರು. ಒಡೆಯಲಿ. ಆದರೆ ಮೊದಲು ಬಿರಿದದ್ದು ತಿಪ್ಪೇಶನ ಬಣ್ಣ. ಅವನಿಗೂ ಒಂದು ಕಾಯಿ ಕಳಿಸಿ ಅಂದೆ. ಯಾಕೆ ಅಂತ ಅವರಿಗೆ ತಿಳಿಸಿ ಹೇಳೋ ಹೊತ್ತಿಗೆ ಸಾಕಾಯಿತು.

ಪ್ಲಾಂಟಿಗೆ ಇವತ್ತು ಆಗಲ್ಲ, ಶುಕ್ರವಾರ ಅಂತ ನಾನೇ ಫೋನು ಮಾಡಿದೆ. ಹೊಸ ಬೋಲ್ಟು ಒಂದು ದಿನ ಭಾರ ಹೊತ್ತಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು ಅಂತ ಫಿಟ್ಟರ್ ಹೇಳಿದ್ದ. ಅವರು ಬೈದರು. ಬೈಯಲಿ.

೬ ಅಕ್ಟೋಬರ್, ಶುಕ್ರವಾರ

ಹನ್ನೊಂದು ಟನ್ನು ಎತ್ತಿ ಕೂರಿಸಿದೆವು. ಕಟಕ್ ಇಲ್ಲ, ಏನಿಲ್ಲ. ಸುಕನ್ಯಾ ಕಟ್ಟಿಕೊಟ್ಟ ರೊಟ್ಟಿ ಪೂರಾ ತಿಂದೆ, ಇನ್ನೊಂದು ಬೇಕಿತ್ತು.

ಆದರೆ ಈ ಗುಡ್ಡಪ್ಪನ ಕಾಟ ಶುರುವಾಗಿದೆ. ಬೆಳಿಗ್ಗೆ ಹತ್ತೋ ಮುಂಚೆ "ಮಾವಾ, ಗೀರು ನೋಡಿದ್ಯಾ?" ನೋಡಿದೀನಿ ಅಂದೆ. ಜಾಕಿ ಹಾಕುವಾಗ "ಹನ್ನೆರಡನೇದು?" ಅದೂ ನೋಡಿದೀನಿ ಅಂದೆ. ಭಾರ ಕಟ್ಟಿ ಇನ್ನೇನು ಎತ್ತಬೇಕು, ಮೊಬೈಲು ನನ್ನ ಕೈಗೆ ಕೊಟ್ಟು ಇಳಿದು ಬಂದು, ರಿಂಗಿನ ಕೆಳಗೆ ತಾನೇ ಅಂಗಾತ ಮಲಗಿ, ಟಾರ್ಚು ಹಾಕಿ ಮೂವತ್ತಾರೂ ಎಣಿಸಿದ. ಎಣಿಕೆ ತಪ್ಪಿತು ಅಂತ ಮತ್ತೆ ಮೊದಲಿನಿಂದ. ಅಲ್ಲಿ ಹದಿನೈದು ಜನ ಕೆಲಸ ಬಿಟ್ಟು ಕಾಯ್ತಿದ್ದಾರೆ.

ನೋಡಿ ಆಗಿದೆ ಅಂದಮೇಲೆ ಆಗಿದೆ. ಇಷ್ಟು ಪುಕ್ಕಲನ್ನ ಕಟ್ಟಿಕೊಂಡು ಕೆಲಸ ಮಾಡೋದು ಹೇಗೋ ನನಗಂತೂ ತಿಳೀವಲ್ದು.